ಲಿಯೋನ ಅಂಗೈ ಮತ್ತು ರಷ್ಯದ ಸಿನಿಮಾ

ಸಾಮ್ರಾಜ್ಯಗಳು ಉರುಳುತ್ತವೆ, ಸಿದ್ಧಾಂತಗಳು ತುಕ್ಕು ಹಿಡಿಯುತ್ತವೆ, ಕೊನೆಗೆ ಉಳಿಯುವುದು ಕಲೆಯೊಂದೇ ಎಂದು ತಿಳಿದವರು ಹೇಳುತ್ತಾರೆ. ನಾನು ತಿಳಿದವನಲ್ಲ. ಸೋವಿಯತ್ ಸಾಮ್ರಾಜ್ಯದಿಂದ ನನ್ನ ಪಾಲಿಗೆ ಉಳಿದಿರುವುದು ಧೂಳು ಸುಟ್ಟ ವಾಸನೆ ಮಾತ್ರ.

ಬ್ರಿಸ್ಬೇನಿಗೆ ಜುಲೈನಲ್ಲಿ ನಾಲ್ಕು ದಿನ ಚಳಿ ಬಂದು ಹೋಗುತ್ತದೆ. ಆಗ ಫಾರೆಸ್ಟ್ ಲೇಕ್ ಬಡಾವಣೆಯ ನಮ್ಮ ಮನೆಯಲ್ಲಿ ಕಪಾಟಿನಿಂದ ಹೀಟರ್ ಇಳಿಯುತ್ತದೆ. ವರ್ಷವೆಲ್ಲ ಕೂತ ಧೂಳು ಕಾದ ತಂತಿಯ ಮೇಲೆ ಚುರುಗುಟ್ಟುತ್ತದೆ.

“ಏನ್ರೀ ಅದು ವಾಸನೆ? ಆಫ್ ಮಾಡ್ರೀ, ಸ್ಮೋಕ್ ಅಲಾರಂ ಹೊಡ್ಕೊಳ್ಳುತ್ತೆ!” ಎಂದಳು ಹೆಂಡತಿ.

“ಇರೇ ಸ್ವಲ್ಪ, ಸಿನಿಮಾ ಶುರುವಾಗೋ ಹೊತ್ತು” ಎಂದೆ. ಅವಳು ಹೋಗಿ ಕಿಟಕಿ ತೆರೆದಳು. ನನ್ನ ಜೊತೆ ಸಂಸಾರ ಮಾಡಿದವರಿಗೆ ಕೆಲವು ಮಾತುಗಳನ್ನು ಕೇಳಿಸಿಕೊಳ್ಳದಿರುವ ಅಭ್ಯಾಸವಾಗಿರುತ್ತದೆ.

ಆದರೆ ನೀವು ಕೇಳಿಸಿಕೊಳ್ಳುತ್ತೀರಿ ಎಂಬ ಧೈರ್ಯದಿಂದ ಹೇಳುತ್ತೇನೆ. ಅದು ಪ್ರೊಜೆಕ್ಟರಿನ ವಾಸನೆ. ಮೈಸೂರಿನವನಾದ ನಾನು ಮಂಗಳೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದ ಕಾಲದಲ್ಲಿ, ಶನಿವಾರ ಸಂಜೆ ಚರ್ಚಿನ ಹಾಲಿನಲ್ಲಿ ರಷ್ಯದ ಸಿನಿಮಾ ತೋರಿಸುತ್ತಿದ್ದರು. ರೀಲಿನ ಡಬ್ಬಿಗಳು ಮದ್ರಾಸಿನ ಸೋವಿಯತ್ ಕಚೇರಿಯಿಂದ ರೈಲಿನಲ್ಲಿ ಬಿಟ್ಟಿಯಾಗಿ ಬರುತ್ತಿದ್ದವು. ಒಂದು ದೊಡ್ಡ ದೇಶ ನಮ್ಮನ್ನು ತನ್ನ ಕಡೆ ಎಳೆದುಕೊಳ್ಳಲು ಇಷ್ಟು ಕಷ್ಟಪಡುತ್ತಿರುವಾಗ ಹೋಗದಿರುವುದು ಸೌಜನ್ಯವಲ್ಲವೆಂದು ನಾನು ಹೋಗುತ್ತಿದ್ದೆ. ಹಾಲಿನಲ್ಲಿ ಫ್ಯಾನ್ ಚೆನ್ನಾಗಿತ್ತು ಎಂಬುದೂ ನಿಜ.

ಪ್ರೊಜೆಕ್ಟರ್ ಓಡಿಸುತ್ತಿದ್ದವನು ಲಿಯೋ. ಹಗಲು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತ, ಸಂಜೆ ಕಮ್ಯುನಿಸ್ಟ್ ಪಕ್ಷದ ಕಾರ್ಯಕರ್ತ, ಭಾನುವಾರ ಬೆಳಿಗ್ಗೆ ಚರ್ಚಿನ ಬಲಿಪೂಜೆಯಲ್ಲಿ ಮೊದಲ ಸಾಲು. ಈ ಮೂರೂ ಒಂದೇ ಅಂಗಿಯೊಳಗೆ ಹೇಗೆ ಹಿಡಿಸುತ್ತವೆ ಎಂದು ಕೇಳಿದರೆ, “ಅಂಗಿ ಸ್ವಲ್ಪ ದೊಡ್ಡದೇ ಹೊಲಿಸುದು ಮಾರಾಯ್ರೆ” ಎನ್ನುತ್ತಿದ್ದ.

ಹಾಲ್ ಬಿಟ್ಟುಕೊಡುವ ಮುಂಚೆ ಚರ್ಚಿನ ಫಾದರ್ ಒಂದು ಷರತ್ತು ಹಾಕಿದ್ದರು. ಪಾದ್ರಿಗಳನ್ನು ಗೇಲಿ ಮಾಡುವ ದೃಶ್ಯವಾಗಲಿ, ಮುತ್ತಿಡುವ ದೃಶ್ಯವಾಗಲಿ ಪರದೆಯ ಮೇಲೆ ಕಾಣಕೂಡದು. ಪಕ್ಷದ ಹಿರಿಯ ಕಾಮ್ರೇಡ್ ಕೂಡ ಹಿಂದೆ ಬೀಳದೆ ತಮ್ಮದೊಂದು ಷರತ್ತು ಹಾಕಿದರು: ಭಾಷಣಗಳು ಎಷ್ಟೇ ಉದ್ದವಿದ್ದರೂ ಒಂದಕ್ಷರ ಹೋಗಕೂಡದು. ಹೀಗಾಗಿ ಲಿಯೋ ಶುಕ್ರವಾರವೇ ಇಡೀ ಸಿನಿಮಾವನ್ನು ಒಬ್ಬನೇ ಕೂತು ನೋಡಿ, ಎಲ್ಲಿ ಮುಚ್ಚಬೇಕೆಂದು ನೆನಪಿಟ್ಟುಕೊಳ್ಳುತ್ತಿದ್ದ. ಶನಿವಾರ ಆ ಜಾಗ ಬಂದಾಗ ಲೆನ್ಸಿನ ಮುಂದೆ ಅಂಗೈ ಹಿಡಿಯುತ್ತಿದ್ದ. ಪರದೆ ಕತ್ತಲಾಗುತ್ತಿತ್ತು. ಬೆರಳಿನ ಸಂದಿಗಳಲ್ಲಿ ಮಾತ್ರ ಕೆಂಪು ಗೆರೆ.

ಅಂಗೈ ಬೆಳಕನ್ನು ತಡೆಯುತ್ತದೆ, ಶಬ್ದವನ್ನು ತಡೆಯುವುದಿಲ್ಲ. ಕತ್ತಲಲ್ಲಿ ಪಿಟೀಲು ಕೇಳಿದರೆ ಮುತ್ತು, ಗಂಟೆ ಕೇಳಿದರೆ ಪಾದ್ರಿ ಎಂದು ನಾವೇ ತೀರ್ಮಾನಿಸುತ್ತಿದ್ದೆವು. “ಏ ಲಿಯೋ, ಕೈ ತೆಗಿಯಾ!” ಎಂದು ಹಿಂದಿನ ಬೆಂಚಿನಿಂದ ಕೂಗು. “ಫಾದರ್ ಹತ್ರ ಕೇಳಿ ಬಾ, ತೆಗಿತೇನೆ” ಎಂದು ಇವನ ಉತ್ತರ. ಮಾಸ್ಕೋದವರು ಕತ್ತರಿಸಿ ಕಳಿಸಿದ್ದನ್ನು ಫಾದರ್ ಮುಚ್ಚಿಸಿ, ಕಾಮ್ರೇಡ್ ವಿವರಿಸಿ, ಇಷ್ಟೆಲ್ಲ ಆದಮೇಲೂ ಉಳಿದದ್ದನ್ನು ನಾವು ವಿಶ್ವಸಿನಿಮಾ ಎಂದು ಕರೆಯುತ್ತಿದ್ದೆವು.

ಒಂದು ಸಿನಿಮಾವಂತೂ ಮರೆಯುವಂಥದಲ್ಲ. ಒಂದು ಹಳ್ಳಿ, ಗೋಧಿ ತೆನೆಗಳು ನಂಬಲಾಗದಷ್ಟು ದಪ್ಪ, ಟ್ರ್ಯಾಕ್ಟರ್ ಓಡಿಸುವವರೆಲ್ಲ ಹಲ್ಲು ತೋರಿಸಿಕೊಂಡೇ ಓಡಿಸುತ್ತಾರೆ. ಕೊನೆಗೆ ಯುದ್ಧ ಮುಗಿದು ರೈಲು ಬರುತ್ತದೆ. ಬಾವುಟ, ಬ್ಯಾಂಡು, ಭಾಷಣ. ಎಲ್ಲರೂ ಇಳಿಯುತ್ತಾರೆ, ಒಬ್ಬ ಹೆಂಗಸಿನ ಗಂಡ ಮಾತ್ರ ಇಳಿಯುವುದಿಲ್ಲ. ಭಾಷಣ ನಡೆಯುತ್ತಲೇ ಇರುತ್ತದೆ, ಕ್ಯಾಮೆರಾ ಅವಳ ಮುಖ ಬಿಟ್ಟು ಕದಲುವುದಿಲ್ಲ. ನಾನು ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, ಮಾನ ಉಳಿಸಿಕೊಳ್ಳಲು, “ಎಲ್ಲ ಬರೀ ಪ್ರಚಾರ ಕಣಯ್ಯ” ಎಂದೆ.

ರೀಲು ಸುತ್ತುತ್ತಿದ್ದ ಲಿಯೋ ತಲೆಯೆತ್ತಿದ. “ಪ್ರಚಾರ ಉಂಟು ಮೇಷ್ಟ್ರೆ, ಇಲ್ಲ ಅಂತ ಯಾರು ಹೇಳಿದ್ದು? ಆದ್ರೆ ಆ ಹೆಂಗಸಿಗೆ ಅಷ್ಟು ಅಳ್ಲಿಕ್ಕೆ ಯಾವ ಸರ್ಕಾರ ಹೇಳಿಕೊಟ್ಟದ್ದು?”

ಆಮೇಲೆ ಅವನು ಕುವೈತಿಗೆ ಹೋದ, ಅಲ್ಲಿಂದ ಮಗಳ ಜೊತೆ ಪರ್ತಿಗೆ, ಅಲ್ಲಿನ ಬೆಂಟ್ಲಿ ಬಡಾವಣೆಯಲ್ಲಿ ಮನೆ. ನಾನು ನನ್ನ ಮಗನ ಹಿಂದೆ ಬ್ರಿಸ್ಬೇನಿಗೆ ಬಂದೆ. ಒಂದೇ ದೇಶ ಎಂದು ಹೆಸರು. ನಡುವೆ ಇಡೀ ಭೂಖಂಡ. ಆದರೂ ಪ್ರತಿ ಭಾನುವಾರ ಮಧ್ಯಾಹ್ನ ಫೋನ್ ಸ್ಪೀಕರಿಗೆ ಹಾಕಿಟ್ಟು, ಅವನು ಅಲ್ಲಿ ನಾನು ಇಲ್ಲಿ ಒಟ್ಟಿಗೆ ಬಟನ್ ಒತ್ತಿ, ಒಂದೇ ಹಳೆಯ ಸಿನಿಮಾ ನೋಡುತ್ತಿದ್ದೆವು. ಎಲ್ಲವೂ ಈಗ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಮುತ್ತು ಪಾದ್ರಿ ಸಮೇತ. “ನೋಡಿ ಮಾರಾಯ್ರೆ, ಅಂದಿನ ಬಾಕಿ ಇವತ್ತು ತೀರಿಸಿದೆ” ಎಂದು ನಗುತ್ತಿದ್ದ. ಇಷ್ಟು ಸುಖವಾದ ಭಾನುವಾರಗಳನ್ನು ನಾನು ಆ ಹಾಲಿನಲ್ಲೂ ಕಂಡಿರಲಿಲ್ಲ.

ಅಷ್ಟರಲ್ಲಿ ರಷ್ಯ ಪಕ್ಕದ ದೇಶಕ್ಕೆ ನುಗ್ಗಿ ನಿಜವಾದ ಯುದ್ಧ ಶುರುವಾಯಿತು. ಲಿಯೋ ವಾಟ್ಸಾಪಿನಲ್ಲಿ ವಿಡಿಯೋ ಕಳಿಸತೊಡಗಿದ. ಹಿಮ, ಟ್ಯಾಂಕು, ಬ್ಯಾಂಡು, ಸೈನಿಕನನ್ನು ಅಪ್ಪಿಕೊಳ್ಳುವ ಅಜ್ಜಿ. ಉರುಳಿದ ಮನೆಗಳ ಚಿತ್ರ ನಾನು ಕಳಿಸಿದೆ. ಅದು ಅಮೆರಿಕದವರ ಪ್ರಚಾರ ಎಂದ. ಒಂದು ಭಾನುವಾರ ಸಿನಿಮಾ ನಿಲ್ಲಿಸಿ, “ಲಿಯೋ, ನೀನು ಕಳಿಸೋದೆಲ್ಲ ಸುಳ್ಳು. ಕಣ್ಣಿಗೆ ಕಾಣಲ್ವೇನೋ?” ಎಂದೆ.

“ಅಂದು ಅದೇ ಸುಳ್ಳು ನೋಡಿ ಮೂಗು ಒರೆಸಿಕೊಂಡವರು ಯಾರು ಮೇಷ್ಟ್ರೆ?” ಎಂದು ಕೇಳಿದ. ಫೋನಿಟ್ಟ.

ಮುಂದಿನ ಭಾನುವಾರ ಅವನು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ತಿಂಗಳುಗಳು ಹೀಗೇ ಕಳೆದವು. ಭಾನುವಾರ ಊಟವಾದಮೇಲೆ ನಾನು ಕೆರೆಯ ಸುತ್ತ ಒಂದು ಸುತ್ತು ಬರುವುದು, ಬಾತುಗಳಿಗೆ ಬ್ರೆಡ್ ಹಾಕಬೇಡಿ ಎಂಬ ಫಲಕ ಓದುವುದು, ಮನೆಗೆ ಬಂದು ಫೋನ್ ನೋಡುವುದು. ದೇಶಗಳು ರಾಯಭಾರಿಗಳನ್ನು ವಾಪಸು ಕರೆಸಿಕೊಂಡ ಮೇಲೆ ಏನು ಮಾಡುತ್ತವೋ ನನಗೆ ಗೊತ್ತಿಲ್ಲ. ಬಹುಶಃ ಅವೂ ಹೀಗೇ ಫಲಕ ಓದುತ್ತಿರುತ್ತವೆ.

ಹೀಟರ್ ಇಳಿಸಿದ ಆ ದಿನ ತಡೆಯಲಾಗಲಿಲ್ಲ. ಆ ರೈಲಿನ ಹೆಂಗಸಿನ ಸಿನಿಮಾವನ್ನು ನಾವಿಬ್ಬರೂ ಮತ್ತೆ ನೋಡಿರಲಿಲ್ಲ. ಹುಡುಕಿ ಒಬ್ಬನೇ ಹಾಕಿಕೊಂಡೆ. ನಡುವೆ ಒಂದು ಕಡೆ ಸಾಮೂಹಿಕ ಹಾಡು, ನಗು, ಚಪ್ಪಾಳೆ ಕೇಳಿಸಿತು. ಕಿವಿಗೆ ಗುರುತು ಸಿಕ್ಕಿತು. ಅಂದು ಇಲ್ಲಿ ಪರದೆ ಕತ್ತಲಾಗಿತ್ತು. ಮದುವೆಯೋ ಮುತ್ತೋ ಎಂದು ನಾವೆಲ್ಲ ಸಿಳ್ಳೆ ಹಾಕಿದ್ದೆವು. ಈಗ ನೋಡಿದರೆ ಮುತ್ತೂ ಇಲ್ಲ, ಪಾದ್ರಿಯೂ ಇಲ್ಲ. ಸರ್ಕಾರದವರು ಬಂದು ಒಬ್ಬ ಮುದುಕ ರೈತನ ಹಸುಗಳನ್ನು ಎಲ್ಲರ ಪಾಲಿನ ಕೊಟ್ಟಿಗೆಗೆ ಹೊಡೆದುಕೊಂಡು ಹೋಗುತ್ತಾರೆ. ಊರೆಲ್ಲ ಹಾಡುತ್ತದೆ. ಮುದುಕ ನಗುತ್ತಾನೆ. ಆ ನಗುವನ್ನು ಎರಡು ಸಲ ಹಿಂದೆ ಸರಿಸಿ ನೋಡಿದೆ.

ಫೋನ್ ಮಾಡಿದೆ. ಎರಡನೇ ಸಲ ಎತ್ತಿದ.

“ಪರ್ತಿನಲ್ಲಿ ಹೇಗಿದೆ ಚಳಿ?” ಎಂದೆ.

“ಪರ್ತ್ ಎಲ್ಲಿ ಮೇಷ್ಟ್ರೆ? ನಾವು ಅಡಿಲೇಡಿಗೆ ಬಂದಾಯ್ತು. ಮಗಳಿಗೆ ಇಲ್ಲಿ ಕೆಲಸ ಸಿಕ್ಕಿತು.”

ನನಗೆ ಹೇಳದೆ ಅವನು ಅರ್ಧ ಭೂಖಂಡ ದಾಟಿ ಬಂದಿದ್ದ. ಅದನ್ನು ನುಂಗಿಕೊಂಡು ಹಸುಗಳ ದೃಶ್ಯದ ಮಾತೆತ್ತಿದೆ. “ಫಾದರೂ ಹೇಳಿರಲಿಲ್ಲ, ಕಾಮ್ರೇಡೂ ಹೇಳಿರಲಿಲ್ಲ. ಯಾಕೆ ಮುಚ್ಚಿದೆ?”

ಅವನು ಅಲ್ಲಿ ಟೀವಿ ಆರಿಸಿದ್ದು ಕೇಳಿಸಿತು.

“ಶುಕ್ರವಾರ ಒಬ್ಬನೇ ನೋಡುವಾಗ ನನಗೆ ಆಗ್ಲಿಲ್ಲ ಮಾರಾಯ್ರೆ. ದನ ಎಳ್ಕೊಂಡು ಹೋಗ್ತಾರೆ, ಅವನು ನಗ್ಬೇಕು. ಅದನ್ನು ತೋರಿಸಿದ್ರೆ ಆಮೇಲೆ ಆ ರೈಲಿನ ಹೆಂಗಸನ್ನು ಯಾರು ನಂಬ್ತಾರೆ? ನೀವು ಯಾರೂ ಮುಂದಿನ ಶನಿವಾರ ಬರುದಿಲ್ಲ ಅಂತ ಹೆದರಿಕೆ ಆಯ್ತು.”

“ಹಾಗಾದರೆ ನಿನಗೆ ಗೊತ್ತಿತ್ತು.”

“ಗೊತ್ತಿಲ್ಲದೆ ಎಂತ? ಎಲ್ಲ ಪೂರ್ತಿ ನೋಡಿದವ ನಾನೊಬ್ಬನೇ ಅಲ್ವಾ.”

“ಮತ್ತೆ ಈಗಿನ ವಿಡಿಯೋಗಳು?”

“ಅದು ಬೇರೆ ಮಾತು. ಅದಕ್ಕೆ ಹೋಗುದು ಬೇಡ” ಎಂದ. ನಾನೂ ಹೋಗಲಿಲ್ಲ. ಹೋಗಿದ್ದರೆ ಗೆಲ್ಲುತ್ತಿದ್ದೆನೋ ಏನೋ. ಗೆದ್ದು ಮತ್ತೆ ಕೆರೆ ಸುತ್ತಲು ಹೊರಡಬೇಕಾಗುತ್ತಿತ್ತು.

ಯುದ್ಧದ ವಿಷಯದಲ್ಲಿ ಅವನೂ ಬದಲಾಗಿಲ್ಲ, ನಾನೂ ಬದಲಾಗಿಲ್ಲ. ವಿಡಿಯೋಗಳು ಈಗಲೂ ಬರುತ್ತವೆ; ನಾನು ತೆರೆಯುವುದಿಲ್ಲ. ಭಾನುವಾರ ಮಧ್ಯಾಹ್ನದ ಸಿನಿಮಾ ಮತ್ತೆ ಶುರುವಾಗಿದೆ.