ಭಾವನ ತೋಟ, ಅಕ್ಕನ ಹಗ್ಗ

ನನ್ನ ಭಾವ ಕಟ್ಟಡಗಳ ನಕ್ಷೆ ಬರೆಯುವವನು. ಕಾಗದದ ಮೇಲೆ ಗೆರೆ ಎಳೆದರೆ ಸಾಕು, ನೆಲ ತಾನಾಗಿ ಹೊಂದಿಕೊಳ್ಳುತ್ತದೆ ಎಂದು ಮನಸಾರೆ ನಂಬಿದವನು. ಬಡಾವಣೆಯ ಸಂಘದವರು ಕಡಿಮೆ ಇಂಗಾಲ ಉಗುಳುವ ಮನೆಗೊಂದು ಬಹುಮಾನ ಎಂದು ಸಾರಿದ್ದೇ ತಡ, ಭೂಮಿಯನ್ನು ಉಳಿಸುವ ಭಾರವೆಲ್ಲ ಇವನ ಹೆಗಲೇರಿತು.

ಹಿತ್ತಲು ಎಂದರೆ ನಾಲ್ಕು ಮಂಚ ಹಾಕುವಷ್ಟು ಜಾಗ. ಅಲ್ಲಿ ಗೋಡೆಯಿಂದ ಗೋಡೆಗೆ ಅಕ್ಕನ ಹಗ್ಗವಿತ್ತು. ಪಕ್ಕದ ಬೀದಿಯ ನರ್ಸಿಂಗ್ ಹೋಮಿನ ಬೆಡ್‌ಶೀಟುಗಳನ್ನು ಒಗೆದು ಒಣಗಿಸಿ ಕೊಡುವುದು ಅವಳ ಕೆಲಸ. ಗಂಡನ ಮುಂದೆ ಕೈಯೊಡ್ಡದೆ ಬದುಕಲು ಅವಳಿಗಿದ್ದ ಒಂದೇ ದಾರಿ. ಭಾವನ ನಕ್ಷೆಯಲ್ಲಿ ಬಳ್ಳಿಯ ಚಪ್ಪರವಿತ್ತು, ಗೊಬ್ಬರದ ಗುಂಡಿಯಿತ್ತು, ಕೂತು ಭೂಮಿಯ ಬಗ್ಗೆ ಚಿಂತಿಸಲು ಕಲ್ಲುಬೆಂಚೂ ಇತ್ತು. ಹಗ್ಗ ಮಾತ್ರ ಇರಲಿಲ್ಲ.

"ಬಟ್ಟೆ ಎಲ್ಲಿ ಒಣಗಿಸ್ಲಿ?" ಎಂದಳು ಅಕ್ಕ.

"ಅದಕ್ಕೂ ವ್ಯವಸ್ಥೆ ಮಾಡಿದೀನಿ ಕಣೇ," ಎಂದ ಭಾವ, ಹಗ್ಗ ಬಿಚ್ಚಿಹಾಕಿ, ಬಟ್ಟೆ ಒಣಗಿಸುವ ಕರೆಂಟಿನ ಮಷಿನ್ ತಂದು ಬಚ್ಚಲಲ್ಲಿಟ್ಟ. ಹೊರಗೆ ಬಳ್ಳಿ ಇಂಗಾಲ ಹೀರುತ್ತಿದ್ದರೆ ಒಳಗೆ ಇದು ದಿನವಿಡೀ ಗುಂಯ್‌ಗುಡುತ್ತಿತ್ತು. ಸಾಲದ್ದಕ್ಕೆ ಒಂದೊಂದು ಸಸಿಗೂ ಕಾರು ತೆಗೆದು ಊರಾಚೆ ಹೋಗಿಬರುತ್ತಿದ್ದ. ನಾನು ಬಾಯಿ ತೆರೆದರೆ, "ನಿಂಗಿದೆಲ್ಲ ಅರ್ಥ ಆಗಲ್ಲ ಬಿಡೋ," ಎನ್ನುತ್ತಿದ್ದ. ನಿಜ, ಇಂಥ ಬುದ್ಧಿವಂತಿಕೆ ನನಗೆ ಅರ್ಥವಾಗದಿರುವುದೇ ಒಳ್ಳೆಯದು.

ಮಷಿನ್‌ನಲ್ಲಿ ದಪ್ಪ ಬಟ್ಟೆ ಪೂರ್ತಿ ಒಣಗುತ್ತಿರಲಿಲ್ಲ. ನರ್ಸಿಂಗ್ ಹೋಮಿನ ಹಿರಿಯ ನರ್ಸ್ ಒಂದು ಬೆಡ್‌ಶೀಟನ್ನು ಮೂಗಿಗೆ ಹಿಡಿದು, "ಮುಗ್ಗಲು ವಾಸನೆ ಬರ್ತಿದೆಯಲ್ಲಮ್ಮ. ಇನ್ನೊಂದ್ಸಲ ಹೀಗಾದ್ರೆ ಬೇರೆಯವ್ರಿಗೆ ಕೊಡ್ತೀನಿ," ಎಂದರಂತೆ. ಅಕ್ಕ ಇದನ್ನು ಹೇಳುವಾಗ ಅಳಲಿಲ್ಲ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ತೋಟ ನೋಡಲು ಸಂಘದವರು ಬರುವ ದಿನ ಬೆಳಿಗ್ಗೆ, ಭಾವ ಗಡ್ಡ ಹೆರೆದುಕೊಳ್ಳುತ್ತಿದ್ದಾಗ, ಅಕ್ಕ ಚಪ್ಪರದ ಕಂಬದಿಂದ ಗೋಡೆಯ ಮೊಳೆಗೆ ಹಗ್ಗ ಬಿಗಿದು ಬೆಡ್‌ಶೀಟುಗಳನ್ನು ಹರವಿಬಿಟ್ಟಳು. ಕಲ್ಲುಬೆಂಚು ಕಾಣದಾಯಿತು.

"ಇವತ್ತೇ ನನ್ನ ಮಾನ ಕಳೀಬೇಕಾ?" ಭಾವ ಅರ್ಧ ಗಡ್ಡದಲ್ಲೇ ಓಡಿಬಂದ.

"ಇವತ್ತು ಬಿಸಿಲು ಚೆನ್ನಾಗಿದೆ," ಎಂದಳು ಅಕ್ಕ.

ಅವನು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಸಂಘದವರು ಹಿತ್ತಲಿಗೇ ಬಂದಾಗಿತ್ತು. ತೀರ್ಪು ಕೊಡುವ ಮೇಡಂ ಚಪ್ಪರದತ್ತ ತಿರುಗಿಯೂ ನೋಡಲಿಲ್ಲ. ಬೆಡ್‌ಶೀಟು ಮುಟ್ಟಿ, "ಇಷ್ಟೊಂದು ಬಟ್ಟೆ! ಮಷಿನ್ ಇಟ್ಕೊಂಡಿಲ್ವಾ?" ಎಂದರು.

"ಛೆ ಛೆ! ನಮ್ಮನೇಲಿ ಮೊದಲಿಂದ್ಲೂ ಬಿಸಿಲೇ ಮೇಡಂ," ಎಂದ ಭಾವ, ಕೆನ್ನೆಯ ಸೋಪಿನ ನೊರೆಯನ್ನೂ ಒರೆಸಿಕೊಳ್ಳದೆ.

ಬಹುಮಾನ ಬಂತು. ಬಂದದ್ದು ಹಗ್ಗಕ್ಕೆ. ಈಗ ಭಾವ ಕಂಡಕಂಡ ಬಡಾವಣೆಗಳಿಗೆಲ್ಲ ಹೋಗಿ ಹಗ್ಗದ ಮಹಿಮೆಯ ಬಗ್ಗೆ ಭಾಷಣ ಬಿಗಿಯುತ್ತಾನೆ, ಹಗ್ಗವನ್ನು ಇವನೇ ಕಂಡುಹಿಡಿದ ಹಾಗೆ.

"ಭಾವಂಗೆ ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ?" ಎಂದು ಅಕ್ಕನನ್ನು ಕೇಳಿದೆ.

ಅವಳು ಒಣಗಿದ ಬೆಡ್‌ಶೀಟೊಂದನ್ನು ಮೂಸಿ ನೋಡಿ ಮಡಚಿಟ್ಟಳು.

"ಹೇಳ್ಕೊಳ್ಲಿ ಬಿಡೋ. ಇನ್ನು ಆ ಹಗ್ಗ ಬಿಚ್ಚೋ ಧೈರ್ಯ ಅವರಿಗೆ ಈ ಜನ್ಮದಲ್ಲಿ ಬರಲ್ಲ."