ಪಾತ್ರೆಯಲ್ಲಿ ಸಾಕಿದ ಏರೋಪ್ಲೇನ್ ಚಿಟ್ಟೆ

ಆಫೀಸಿನಲ್ಲಿ ಅವಳ ಹೆಸರು ಯಾರಿಗೂ ಬೇಡ, ಎಲ್ಲರ ಬಾಯಲ್ಲೂ ‘ಹುಳದ ಮೇಡಂ’. ಹತ್ತೊಂಬತ್ತು ವರ್ಷದಿಂದ ಕೊಳಗಳ ಕೆಸರು ಸೋಸಿ, ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ಹೆಕ್ಕಿ, ಯಾವುದು ಯಾವ ಜಾತಿ ಅಂತ ಬರೆದಿಡುವುದೇ ಕೆಲಸ. ಕಣ್ಣು ಹಾಳಾಯಿತು, ಸೊಂಟ ಹಿಡಿಯಿತು, ಬಡ್ತಿ ಮಾತ್ರ ಬರಲಿಲ್ಲ.

ಈಗ ಆಸ್ಪತ್ರೆ ಹಿಂದಿನ ಕೊಳ ಮುಚ್ಚಿ ಕಾರು ನಿಲ್ಲಿಸಲು ಜಾಗ ಮಾಡುತ್ತಾರಂತೆ. “ಅಪರೂಪದ ಜಾತಿ ಒಂದಾದರೂ ಇದ್ದರೆ ತೋರಿಸಿ, ಕೊಳ ಬಿಡ್ತೀವಿ. ಎರಡು ತಿಂಗಳು ಟೈಮು,” ಎಂದಿದ್ದರು ಸಾಹೇಬರು. ಸಿಕ್ಕಿದ್ದೆಲ್ಲ ಮಾಮೂಲಿ. ಒಂದೇ ಒಂದು ಮರಿ ಮೇಲೆ ಅವಳಿಗೆ ಆಸೆ. ಅದೋ, ಅಕ್ಕಿಕಾಳಿನಷ್ಟು! ಪೂರ್ತಿ ಬೆಳೆಯದ ಮರಿಯ ಜಾತಿ ಹೇಳಲು ಬ್ರಹ್ಮ ಬಂದರೂ ಆಗದು. ಮನೆಗೆ ತಂದು, ಸ್ಟೀಲ್ ಪಾತ್ರೆಯಲ್ಲಿ ಕಡ್ಡಿ ನಿಲ್ಲಿಸಿ, ಸೊಳ್ಳೆ ಮರಿ ತಿನ್ನಿಸಿ ಸಾಕಿದಳು.

“ನನಗೆ ಇಷ್ಟು ಸೇವೆ ಮಾಡಿದ್ರೆ ಇನ್ನೂ ಹತ್ತು ವರ್ಷ ಬದುಕ್ತಿದ್ದೆ,” ಅಂತ ಅತ್ತೆ ಚುಚ್ಚಿದರು.

ಗಡುವಿನ ದಿನ ಅವಳು ಏಳುವಷ್ಟರಲ್ಲಿ ಪಾತ್ರೆ ಖಾಲಿ, ಕಡ್ಡಿಯೂ ಖಾಲಿ.

“ರೆಕ್ಕೆ ಬಂದು ಕಿಟಕಿಯಿಂದ ಹಾರಿಹೋಯ್ತು ಕಣೇ!” ಅತ್ತೆಗೆ ಹಿಗ್ಗೋ ಹಿಗ್ಗು.

“ಪೊರೆ ಎಲ್ಲಿ ಅತ್ತೆ? ಕಡ್ಡಿಗೆ ಅಂಟಿಕೊಂಡಿರುತ್ತಲ್ಲ?”

“ಅದಾ? ಸತ್ತ ಜಿರಳೆ ಅಂದ್ಕೊಂಡು ಕಸಕ್ಕೆ ಹಾಕಿದೆ.”

ಅಯ್ಯೋ ಕರ್ಮವೇ! ಹಾರಿದ್ದು ಹೋದರೆ ಹೋಗಲಿ, ಜಾತಿಯ ಗುರುತೆಲ್ಲ ಇರುವುದು ಆ ಪೊರೆಯಲ್ಲೇ. ಬುಟ್ಟಿಯನ್ನು ನೆಲಕ್ಕೆ ಸುರಿದಳು. ಚಹಾಪುಡಿ, ಈರುಳ್ಳಿ ಸಿಪ್ಪೆ, ತಲೆಕೂದಲು, ಎಲ್ಲ ಕೆದಕಿದಳು. ತಪ್ಪು ಗೊತ್ತಾಗಿ ಅತ್ತೆಯೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲೇ ಕೂತರು. ಕೊನೆಗೆ ಸಿಕ್ಕಿದ್ದು ಅವರ ಕೈಗೇ.

ಪೊರೆಯ ಮುಖದಡಿ ಮಡಿಸಿಕೊಂಡ ಕೆಳತುಟಿಯನ್ನು ಸೂಜಿಯಿಂದ ಬಿಡಿಸಿ, ಭೂತಗನ್ನಡಿ ಹಿಡಿದು ಅದರ ಕೂದಲು ಎಣಿಸಿದಳು. ಹತ್ತಿದ್ದರೆ ಅಪರೂಪದ್ದು. ಇದ್ದದ್ದು ಏಳು. ಮತ್ತೆ ಎಣಿಸಿದಳು. ಏಳೇ. ಥೂ, ಊರೆಲ್ಲ ಹಾರಾಡುವ ಜಾತಿ! ಹತ್ತು ಅಂತ ಬರೆದರೂ ಕೇಳುವವರಿಲ್ಲ, ಆಫೀಸಿನಲ್ಲಿ ಇದನ್ನು ಬಲ್ಲವಳು ಅವಳೊಬ್ಬಳೇ. ಪೆನ್ನು ಬಹಳ ಹೊತ್ತು ಕೈಯಲ್ಲೇ ಇತ್ತು. ಹಾಳಾಗಿ ಹೋಗಲಿ ಅಂತ ಏಳು ಎಂದೇ ಬರೆದಳು. ಸಿಟ್ಟಿಗೆ ಅಳು ಬಂತು.

“ಮಾಮೂಲಿ ಹುಳ ಅತ್ತೆ. ಕೊಳ ಹೋಯ್ತು.”

ಅತ್ತೆ ಚೆಲ್ಲಿದ ಕಸ ಬಳಿಯುತ್ತಿದ್ದರು. “ಅಲ್ವೇ, ಮಾಮೂಲಿಯವರಿಗೆ ಇರೋಕೆ ಜಾಗ ಬೇಡ್ವಾ?”

ವರದಿಯ ಕೊನೆಯಲ್ಲಿ ಅಭಿಪ್ರಾಯ ಬರೆಯಲು ‘ಷರಾ’ ಅಂತ ಒಂದು ಕಾಲಂ. ಹತ್ತೊಂಬತ್ತು ವರ್ಷ ಅದನ್ನು ಖಾಲಿ ಬಿಟ್ಟಿದ್ದಳು. ಅತ್ತೆಯ ಮಾತನ್ನು ಅಲ್ಲಿ ಹಾಗೇ ಬರೆದು, ಕೆಳಗೆ ಸಹಿ ಹಾಕಿ, ಬಸ್ಸಿಗೆ ಓಡಿದಳು.