ಗೋಣಿ ಹೊದ್ದ ನೀರಿನ ಕ್ಯಾನು

ಒದ್ದೆ ಗೋಣಿಚೀಲದ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಮೊದಲು ಬಾಯಾರುತ್ತದೆ, ಅದರ ಹಿಂದೆಯೇ ಸಿಟ್ಟು ಬರುತ್ತದೆ. ಮೊನ್ನೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಎಳನೀರು ಮಾರುವವನೊಬ್ಬ ಕಾಯಿಗಳ ಮೇಲೆ ಗೋಣಿ ಹೊದಿಸಿ, ಕೈಯಲ್ಲಿ ನೀರು ಚಿಮುಕಿಸುತ್ತಾ ಕೂತಿದ್ದ. ಅಷ್ಟೇ. ಸೆಣಬು, ಮಣ್ಣು, ಯಾವ ಕಾಲದ್ದೋ ರಾಗಿಯ ಧೂಳು ಎಲ್ಲ ಸೇರಿ ನೆಂದು ಬಿಸಿಲಿಗೆ ಹಬೆಯಾಡುವ ವಾಸನೆ. ನಾನು ನಿಂತಲ್ಲೇ ನಿಂತೆ. "ಕೊಚ್ಲಾ ಅಕ್ಕ? ಗಂಜಿ ಇರೋದ್ ಕೊಡ್ಲಾ?" ಎಂದು ಅವನು ಎರಡು ಸಲ ಕೇಳಿದ. ಪಾಪ, ಅವನದೇನು ತಪ್ಪು? ನನ್ನ ಮುಖ ನೋಡಿ, ಯಾರೋ ಜಗಳಕ್ಕೆ ಬಂದವಳು ಎಂದುಕೊಂಡಿರಬೇಕು. ನಾನು ಆ ಹೊತ್ತಿಗೆ ಅಲ್ಲಿರಲೇ ಇಲ್ಲ. ಒಂಬತ್ತು ವರ್ಷದವಳಾಗಿ, ಬಸ್ಸಿನ ಸೀಟಿನಲ್ಲಿ ನಮ್ಮವ್ವನ ಪಕ್ಕ, ಎರಡು ಕಾಲಿನ ನಡುವೆ ನೀರಿನ ಕ್ಯಾನು ಅವುಚಿಕೊಂಡು ಕೂತಿದ್ದೆ.

ಆ ಕ್ಯಾನು ಮೂಲದಲ್ಲಿ ಕಡ್ಲೆಕಾಯಿ ಎಣ್ಣೆಯದು. ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದ ಮನೆಯವರು ಬಿಸಾಡಲಿಟ್ಟಿದ್ದ ಐದು ಲೀಟರಿನ ಬಿಳಿ ಪ್ಲಾಸ್ಟಿಕ್ ಕ್ಯಾನು. ಅವ್ವ ಅದಕ್ಕೆ ಬೂದಿ ಹಾಕಿ, ಹುಣಸೆಹಣ್ಣು ಹಾಕಿ, ಸೀಗೆಪುಡಿ ಹಾಕಿ, ವಾರವೆಲ್ಲ ಕುಲುಕಿ ಕುಲುಕಿ ತೊಳೆದಳು. ಆದರೂ ಮೊದಲ ಗುಟುಕಿನಲ್ಲಿ ಎಣ್ಣೆಯ ಸಣ್ಣ ಘಮಲು ಇದ್ದೇ ಇರುತ್ತಿತ್ತು. ಆಮೇಲೆ ಹಳೆಯ ಗೋಣಿಚೀಲ ಕತ್ತರಿಸಿ, ದಬ್ಬಳದಲ್ಲಿ ಹೊಲಿದು, ಕ್ಯಾನಿನ ಅಳತೆಗೆ ಒಂದು ಅಂಗಿ ಮಾಡಿದಳು. ನಮಗೆ ಹಬ್ಬಕ್ಕೊಂದು ಬಟ್ಟೆಗೂ ತತ್ವಾರ, ಕ್ಯಾನಿಗೆ ಮಾತ್ರ ಅಳತೆಯ ಅಂಗಿ! ಸೋಸಲೆಯ ಕಾಲೊನಿಯಲ್ಲಿ ನಮ್ಮದು ಎರಡಂಕಣದ ಹೆಂಚಿನ ಮನೆ. ಬಾಗಿಲು ದಾಟಿದ ಕೂಡಲೇ ಎಡಗಡೆ ಒಲೆ, ಬಲಗಡೆ ಗೂಟ, ಗೂಟದಲ್ಲಿ ಈ ಕ್ಯಾನು. ಆ ಮನೆ ಈಗ ಇಲ್ಲ. ಅದರ ಜಾಗದಲ್ಲಿ ನನ್ನ ತಮ್ಮ ತಾರಸಿ ಮನೆ ಕಟ್ಟಿಸಿದ್ದಾನೆ. ಗೂಟವಿದ್ದ ಕಡೆ ಈಗ ಟೀವಿ ಇದೆ.

ಎರಡು ತಿಂಗಳಿಗೊಮ್ಮೆ ನಾವು ಕಳಲೆಗೆ, ಅಜ್ಜಿಯ ಮನೆಗೆ ಹೋಗುತ್ತಿದ್ದೆವು. ಸೋಸಲೆಯಿಂದ ನರಸೀಪುರ, ನರಸೀಪುರದಿಂದ ನಂಜನಗೂಡು, ಅಲ್ಲಿಂದ ಕಳಲೆ. ಮೂರು ಬಸ್ಸು, ಎರಡು ಮಕ್ಕಳು, ಒಬ್ಬಳು ಅವ್ವ. ಹೊರಡುವ ದಿನ ಕೋಳಿ ಕೂಗುವ ಮುಂಚೆ ಅವಳು ಎದ್ದಿರುತ್ತಿದ್ದಳು. ಅನ್ನವನ್ನು ಮೆತ್ತಗೆ ಬೇಯಿಸಿ, ಬಿಸಿ ಇರುವಾಗಲೇ ಹಾಲು ಹಾಕಿ ಹಿಸುಕಿ, ಆರಿದ ಮೇಲೆ ಒಂದೇ ಒಂದು ಚಮಚ ಮೊಸರು ಕಲೆಸುತ್ತಿದ್ದಳು. ಬಸ್ಸು ಹತ್ತುವಾಗ ಹಾಲನ್ನ, ಮಧ್ಯಾಹ್ನ ಬಿಚ್ಚುವಾಗ ಮೊಸರನ್ನ. ದಾರಿಯಲ್ಲೇ ಹೆಪ್ಪಾಗಿರುತ್ತಿತ್ತು. ಉಪ್ಪು ಬೇರೆ ಪೊಟ್ಟಣದಲ್ಲಿ. "ಈಗ್ಲೇ ಉಪ್ಪಾಕುದ್ರೆ ಕೆಡ್ತದೆ ಕಣ್ ಮಗಾ" ಎನ್ನುತ್ತಿದ್ದಳು. ಈರುಳ್ಳಿಯನ್ನು ಇಡಿಯಾಗಿ ತಂದು ತಿನ್ನುವ ಹೊತ್ತಿಗೆ ಗುದ್ದಿ ಒಡೆಯುವುದು. ಎರಡನೇ ದಿನಕ್ಕೆ ರಾಗಿರೊಟ್ಟಿ, ಹುಚ್ಚೆಳ್ಳು ಪುಡಿ. ಕೆಂಡದ ಮೇಲೆ ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ, ಬಾಳೆನಾರಲ್ಲಿ ಕಟ್ಟಿದರೆ ಆ ಬುತ್ತಿಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದಿತ್ತು. ತಮ್ಮನ ಹಾಲನ್ನು ಎರಡು ಸಲ ಉಕ್ಕಿಸಿ, ಪೂರ್ತಿ ಆರುವ ತನಕ ಮುಚ್ಚಳ ಮುಟ್ಟಲೂ ಬಿಡುತ್ತಿರಲಿಲ್ಲ. ಕೊನೆಗೆ ಕ್ಯಾನಿನ ಸರದಿ. ಅಂಗಿಯನ್ನು ತೊಯ್ಯಿಸಿ ತೊಡಿಸಿ ಕಿಟಕಿಯ ಪಕ್ಕ ಇಟ್ಟರೆ ಬಸ್ಸು ಓಡಿದಷ್ಟೂ ನೀರು ತಣ್ಣಗಾಗುತ್ತಿತ್ತು. ಫ್ರಿಜ್ಜು ಎಂಬುದನ್ನು ಅವಳು ಕಣ್ಣಲ್ಲೂ ಕಂಡಿರಲಿಲ್ಲ.

ಈ ಜಾಣತನವನ್ನು ಆಗ ನಾನು ಮೆಚ್ಚಿದೆನೇ? ಇಲ್ಲ ಕಣ್ರೀ, ಉರಿದು ಬೀಳುತ್ತಿದ್ದೆ. ನಂಜನಗೂಡಿನ ಸ್ಟ್ಯಾಂಡಿನಲ್ಲಿ ಬೇರೆ ಮಕ್ಕಳು ಹೋಟೆಲಿನ ಬೆಂಚಿನ ಮೇಲೆ ಕಾಲಾಡಿಸುತ್ತಾ ಇಡ್ಲಿ ತಿನ್ನುತ್ತಿದ್ದರು, ಕೆಂಪು ಶರಬತ್ತು ಕುಡಿದು ನಾಲಿಗೆ ಚಾಚಿ ತೋರಿಸುತ್ತಿದ್ದರು. ನಾವು ಮಾತ್ರ ಬೇಲಿಯ ಪಕ್ಕದ ಹೊಂಗೆ ಮರದಡಿ ಕೂತು ಬುತ್ತಿ ಬಿಚ್ಚಬೇಕು. ನಾನು ಹಟ ಹಿಡಿದರೆ ಅವ್ವನದು ಒಂದೇ ಮಾತು: "ಒರಗಿನ್ ನೀರ್ ಕುಡುದ್ರೆ ಒಟ್ಟೆ ಕೆಡ್ತದೆ ಕಣ್ ಮಗಾ." ಇಡ್ಲಿಗೂ ಅದೇ, ಟೀಗೂ ಅದೇ, ಶರಬತ್ತಿಗೂ ಅದೇ. ಕೊಡಿಸುತ್ತಿದ್ದದ್ದು ಬಾಳೆಹಣ್ಣು, ಕಿತ್ತಲೆ, ಹೆಚ್ಚೆಂದರೆ ಕಡ್ಲೆಕಾಯಿ. "ಸಿಪ್ಪೆ ಇರೋದು ಕೆಡಕ್ಕಿಲ್ಲ" ಎಂದು ಅದಕ್ಕೊಂದು ಶಾಸ್ತ್ರ ಬೇರೆ. ಅವಳಂಥ ಜಿಪುಣಿ ಮೂರು ಲೋಕದಲ್ಲೂ ಇಲ್ಲ ಎಂದು ನಾನು ಖಚಿತವಾಗಿ ನಂಬಿದ್ದೆ. ಒಮ್ಮೆ ಸ್ಟ್ಯಾಂಡಿನ ನಡುವೆ ನಿಂತು, "ನಿನ್ ಬುತ್ತಿಗೆ ಬೆಂಕಿ ಆಕ!" ಎಂದು ಕಿರುಚಿಯೂ ಬಿಟ್ಟಿದ್ದೆ. ಅವಳು ಬೆನ್ನಿಗೆ ಒಂದು ಗುದ್ದಿದಳು, ಆಮೇಲೆ ಈರುಳ್ಳಿ ಒಡೆದು ಕೊಟ್ಟಳು.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಬೇಸಿಗೆಯಲ್ಲಿ ತಮ್ಮ ರವಿಗೆ ಒಂದೂವರೆ ವರ್ಷ. ಮೂರು ದಿನದಿಂದ ವಾಂತಿ ಭೇದಿ ಆಗಿ ಕೂಸು ಬಾಡಿಹೋಗಿತ್ತು, ಕಣ್ಣು ಗುಳಿ ಬಿದ್ದಿದ್ದವು. ನಂಜನಗೂಡಿನ ಮಕ್ಕಳ ಡಾಕ್ಟರ ಕೈಗುಣ ಚೆನ್ನಾಗಿದೆ ಎಂದು ಅಜ್ಜಿ ಹೇಳಿ ಕಳಿಸಿದ್ದರಿಂದ ಅವ್ವ ನಮ್ಮಿಬ್ಬರನ್ನೂ ಕಟ್ಟಿಕೊಂಡು ಹೊರಟಳು. ಊರಿನ ನರ್ಸಮ್ಮ, ಕುದಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಹಾಕಿ ಗುಟುಕು ಗುಟುಕಾಗಿ ಕುಡಿಸುತ್ತಲೇ ಇರಬೇಕು, ನೀರು ನಿಂತರೆ ಕೂಸು ನಿಲ್ಲುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದಳು. ಅಂದು ಕ್ಯಾನಿನಲ್ಲಿದ್ದದ್ದೆಲ್ಲ ಕುದಿಸಿದ ನೀರೇ. ನರಸೀಪುರದಿಂದ ಹೊರಟ ಬಸ್ಸು ಅರ್ಧ ದಾರಿಯಲ್ಲಿ, ನಡುಮಧ್ಯಾಹ್ನ, ಒಂದು ಊರಿನ ಹೊರಗೆ ಕೆಟ್ಟು ನಿಂತಿತು. ಡ್ರೈವರು ಕೆಳಗೆ ಮಲಗಿ ಏನೇನೋ ಬಿಚ್ಚಿದ. ಕಂಡಕ್ಟರು ಇನ್ನೊಂದು ಬಸ್ಸು ಬರುತ್ತದೆ ಎಂದ. ಬರಲಿಲ್ಲ.

ಬಸ್ಸಿನೊಳಗೆ ಕಾದ ತಗಡಿನ ಧಗೆ. ಮೊದಲು ಅತ್ತದ್ದು ಮುಂದಿನ ಸೀಟಿನ ಹುಡುಗಿ. ಅವಳ ತಾಯಿ ತಿರುಗಿ ನಮ್ಮ ಕ್ಯಾನು ನೋಡಿದಳು, "ವಸಿ ನೀರ್ ಕೊಡವ್ವ" ಎಂದಳು. ಅವ್ವ ರವಿಯ ಮುಖ ನೋಡಿದಳು, ಆಮೇಲೆ ಮುಚ್ಚಳ ತೆಗೆದು ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಅವಳ ಹಿಂದೆ ಇನ್ನೊಂದು ಕೂಸು. ಆಮೇಲೆ ಒಬ್ಬ ಮುದುಕ. ಅವನು ಕುಡಿದು, ಬಾಯೊರೆಸಿಕೊಂಡು, "ಬಾವಿ ನೀರಿದ್ದಂಗದೆ ಕಣವ್ವ, ಒಟ್ಟೆ ತಣ್ಣಗಾಯ್ತು" ಎಂದು ಹರಸಿದ. ಯಾರೂ ನಮ್ಮನ್ನು ಯಾವ ಊರು, ಯಾವ ಬೀದಿ ಎಂದು ಕೇಳಲಿಲ್ಲ. ಬಾಯಾರಿದ ಬಾಯಿಗೆ ಆ ಪ್ರಶ್ನೆ ಹೊಳೆಯುವುದಿಲ್ಲ. ಅವ್ವನೂ ಹೇಳಲಿಲ್ಲ. ರವಿಗೆಂದು ಒಂದು ಸೀಸೆ ತೆಗೆದಿಟ್ಟು ಮಿಕ್ಕಿದ್ದನ್ನೆಲ್ಲ ಹಂಚಿದಳು. ಅಷ್ಟು ಜನ ಅವಳ ಕೈಯಿಂದ ನೀರು ಕುಡಿದದ್ದು ಅದೇ ಮೊದಲಿರಬೇಕು. ಎರಡು ಗಂಟೆಯ ಹೊತ್ತಿಗೆ ಆ ಸೀಸೆಯೂ ಖಾಲಿಯಾಯಿತು. ರವಿ ಅಳುವುದನ್ನೂ ನಿಲ್ಲಿಸಿ ತುಟಿ ಚಪ್ಪರಿಸುತ್ತಾ ಮಲಗಿದ್ದ.

ಅವ್ವ ನನ್ನ ಕೈಗೆ ಕ್ಯಾನು ಕೊಟ್ಟಳು. "ಅಗೋ ಅಲ್ಲಿ ಪಂಪ್‌ಸೆಟ್ ಕಾಣ್ತದಲ್ಲ, ಅಲ್ಲೇ ಇಡ್ಕಂಡ್ ಬಾ. ಮನೆಗೋಳ್ ತಾವ ಓಗ್ಬ್ಯಾಡ." ಎರಡು ಸಲ ಹೇಳಿದಳು. ನಾನು ಗದ್ದೆಯ ಬದುವಿನ ಮೇಲೆ ಓಡಿದೆ. ಪಂಪಿನ ಮನೆಗೆ ಬೀಗ ಹಾಕಿತ್ತು, ತೊಟ್ಟಿಯಲ್ಲಿ ಪಾಚಿ ಒಣಗಿತ್ತು. ಅಲ್ಲಿದ್ದ ಒಬ್ಬ, "ಕರೆಂಟಿಲ್ಲ ಕಣವ್ವ, ಬರೋದು ಸಂಜೆಗೇಯ" ಎಂದ. ಹಿಂತಿರುಗಿ ನೋಡಿದರೆ ಬಸ್ಸು ಬಿಸಿಲಲ್ಲಿ ನಡುಗುತ್ತಿತ್ತು. ಇತ್ತ ಇಪ್ಪತ್ತು ಮಾರು ದೂರದಲ್ಲಿ ಒಂದು ಮನೆ, ಜಗಲಿಯ ಮೇಲೆ ಒಬ್ಬ ಹೆಂಗಸು ಅಕ್ಕಿ ಆರಿಸುತ್ತಿದ್ದಳು. ನಾನು ಹೋದೆ. ಜಗಲಿಯ ಮೆಟ್ಟಿಲು ಹತ್ತಿ, ತಮ್ಮನಿಗೆ ಹುಷಾರಿಲ್ಲ, ನೀರು ಬೇಕು ಎಂದೆ. "ಅಯ್ಯೋ ನನ್ ಕೂಸೇ" ಎಂದು ಅವಳು ಎದ್ದವಳೇ ಒಳಗೆ ಹೋಗಿ, ಒಂದು ಕೊಡ ನೀರು ತಂದಿಟ್ಟು, ಥಳಥಳ ಹೊಳೆಯುವ ಹಿತ್ತಾಳೆ ಚೊಂಬು ತುಂಬಿ, ಮೊದಲು ನೀನು ಕುಡಿ ಎಂದು ನನ್ನತ್ತ ಚಾಚಿದಳು. ನನ್ನ ಬೆರಳು ಚೊಂಬಿಗೆ ಇನ್ನೇನು ತಾಗಬೇಕು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಕೇಳಿದಳು: "ಯಾವೂರವ್ವ ನಿಂದು? ಯಾರ್ ಮನೆಯವ್ಳು?"

ನಾನು ಹೆಮ್ಮೆಯಿಂದ ಹೇಳಿದೆ. ಸ್ಕೂಲಿನಲ್ಲಿ ಮೇಷ್ಟ್ರು ಕೇಳಿದಾಗ ಹೇಳುವಂತೆ, ಕೈ ಕಟ್ಟಿಕೊಂಡು, ಊರು, ಅಪ್ಪನ ಹೆಸರು, ಕಾಲೊನಿ, ಮೂರನೇ ಮನೆ ಎಂದು ಒಂದೂ ಬಿಡದೆ ಹೇಳಿದೆ. ಚೊಂಬು ಹಿಂದಕ್ಕೆ ಹೋಯಿತು. ಅವಳು ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. "ವಸಿ ಕೆಳಕ್ ಇಳ್ಕ ಮಗಾ, ಅಲ್ಲಿ ಮಂಡಿ ಊರಿ ಕೈ ಒಡ್ಡು" ಎಂದಳಷ್ಟೇ. ಊರಿದೆ. ಮೇಲಿನಿಂದ ಧಾರೆ ಬಿಟ್ಟಳು. ಅರ್ಧ ಬಾಯಿಗೆ ಬಿತ್ತು, ಮಿಕ್ಕಿದ್ದು ಮೊಣಕೈಗೆ ಹರಿದು ರವಿಕೆಯ ತೋಳೊಳಗೆ ಇಳಿಯಿತು. "ಕುಡಿ ಮಗಾ, ಕುಡಿ, ಬಿಸ್ಲು" ಎನ್ನುತ್ತಿದ್ದಳು, ನಿಜವಾದ ಕನಿಕರದಿಂದ. ಆ ಕನಿಕರವನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿದುಹೋಗುತ್ತದೆ. ಕ್ಯಾನನ್ನು ನೆಲದಲ್ಲಿ ಇಡಿಸಿ, ಚೊಂಬು ತಾಗದಂತೆ ಎತ್ತರದಿಂದ ತುಂಬಿದಳು. ಹೋಗುವಾಗ ಕೂಸಿಗೆ ಕೊಡು ಎಂದು ಒಂದು ಅಚ್ಚು ಬೆಲ್ಲವನ್ನು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದಳು. ಬೆಲ್ಲವನ್ನು ಬದುವಿನ ಮೇಲಿಂದ ಗದ್ದೆಗೆ ಬೀಸಿ ಒಗೆದೆ. ನೀರನ್ನು ಒಗೆಯಲು ಆಗಲಿಲ್ಲ.

ಬಸ್ಸು ಹತ್ತಿದಾಗ ಅವ್ವ ಮೊದಲು ರವಿಯ ಬಾಯಿಗೆ ನೀರು ಬಿಟ್ಟಳು. ಅವನು ಗಟಗಟ ನುಂಗಿದ. ಆಮೇಲೆ, "ಎಲ್ ಇಡ್ಕಂಡೆ ಮಗಾ?" ಎಂದಳು. "ಪಂಪ್‌ಸೆಟ್ ತಾವ" ಎಂದೆ. ಯಾಕೆ ಸುಳ್ಳು ಹೇಳಿದೆನೋ ನನಗೆ ಗೊತ್ತಿಲ್ಲ. ಅವಳ ಮಾತು ಮೀರಿದ್ದಕ್ಕೆ ಹೊಡೆಯುತ್ತಾಳೆಂದೋ, ಅಥವಾ ಆ ಮಂಡಿ ಊರಿದ್ದನ್ನು ಅವಳು ತಿಳಿಯಬಾರದು ಎಂದೋ. ಅಷ್ಟರಲ್ಲಿ ಕಂಡಕ್ಟರು ಯಾರಿಗೋ, ಈ ಕಡೆ ಬೆಳಿಗ್ಗೆಯಿಂದ ಕರೆಂಟಿಲ್ಲವಂತೆ ಎಂದು ಹೇಳಿದ. ಅವ್ವ ನನ್ನ ಮೊಣಕೈ ನೋಡಿದಳು. ಮಂಡಿಯ ಮಣ್ಣು ನೋಡಿದಳು. ಸೆರಗಿನಲ್ಲಿ ಎರಡೂ ಮೊಣಕೈ ಒರೆಸಿದಳು, ನೀರೆಲ್ಲ ಹೋದ ಮೇಲೂ ಒರೆಸುತ್ತಲೇ ಇದ್ದಳು.

ರವಿ ಬದುಕಿದ. ಕೊನೆಗೂ ಇನ್ನೊಂದು ಬಸ್ಸು ಬಂದು ಸಂಜೆಯ ಹೊತ್ತಿಗೆ ಡಾಕ್ಟರ ಹತ್ತಿರ ಮುಟ್ಟಿದೆವು, ದಾರಿಯಲ್ಲಿ ನೀರು ಕುಡಿಸಿದ್ದು ಒಳ್ಳೆಯದಾಯಿತು ಎಂದು ಅವರು ಹೇಳಿದರು. ನನ್ನ ಸಿಟ್ಟಿನ ಸಂಕಟವೇ ಇದು. ಆ ಹೆಂಗಸಿನ ನೀರಿನಿಂದ ನನ್ನ ತಮ್ಮ ಉಳಿದ. ಅವಳ ಮನೆ ಹಾಳಾಗ ಎಂದು ಶಪಿಸಲು ಬಾಯಿ ತೆರೆದರೆ ನಾಲಿಗೆ ಏಳುವುದಿಲ್ಲ, ಪುಣ್ಯಾತ್ಗಿತ್ತಿ ಎನ್ನಲು ಹೋದರೆ ಮಂಡಿಯ ಮಣ್ಣು ನೆನಪಾಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನಾನು ಆ ಸಿಟ್ಟನ್ನೆಲ್ಲ ಅವ್ವನ ಮೇಲೆ ತೀರಿಸಿಕೊಂಡೆ. ಯಾಕೆ ಹೇಳಲಿಲ್ಲ ನೀನು? ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇಡುತ್ತಾರೆ, ಅದಕ್ಕೇ ಬುತ್ತಿ ಎಂದು ಯಾಕೆ ಹೇಳಲಿಲ್ಲ? ಹೊಟ್ಟೆ ಕೆಡುತ್ತದೆ ಎಂದು ನನ್ನನ್ನು ನಂಬಿಸಿ, ಆ ಜಗಲಿಯ ಮುಂದೆ ಹೆಮ್ಮೆಯಿಂದ ಬೀದಿಯ ಹೆಸರು ಹೇಳುವಷ್ಟು ದಡ್ಡಿಯಾಗಿ ಯಾಕೆ ಬೆಳೆಸಿದೆ? ಇದನ್ನೆಲ್ಲ ಮನಸ್ಸಿನಲ್ಲೇ ಕೇಳಿದೆ. ಮುಂದಿನ ಸಲ ಕಳಲೆಗೆ ಹೊರಟಾಗ ಗೂಟದಲ್ಲಿ ಎರಡು ಕ್ಯಾನುಗಳಿದ್ದವು, ಎರಡಕ್ಕೂ ಗೋಣಿಯ ಅಂಗಿ.

ವರ್ಷಗಳು ಹೋದವು. ನಾನು ಓದಿ, ಕೆಲಸಕ್ಕೆ ಸೇರಿ, ಮೊದಲ ಸಲ ಅವ್ವನನ್ನು ನಂಜನಗೂಡಿಗೆ ಕರೆದುಕೊಂಡು ಹೋದಾಗ ಅಂಗಡಿಯಿಂದ ಒಂದು ಬಾಟಲಿ ತಣ್ಣನೆಯ ನೀರು ಕೊಂಡು ಅವಳ ಕೈಗಿಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಂಗಡಿಯವನತ್ತ ಒಮ್ಮೆ ನೋಡಿದಳು. "ದುಡ್ ಕೊಟ್ರೆ ಯಾರ್ ಮನೆಯವ್ಳು ಅಂತ ಕೇಳಕ್ಕಿಲ್ಲ, ಅಲ್ವ ಮಗಾ?" ಎಂದಳು. ಅಷ್ಟು ವರ್ಷದಲ್ಲಿ ಆ ದಿನದ ಬಗ್ಗೆ ಅವಳ ಬಾಯಿಂದ ಬಂದದ್ದು ಅದೊಂದೇ ಮಾತು. ನಾನು ಮುಖ ತಿರುಗಿಸಿದೆ. ಅವಳು ಮುಚ್ಚಳ ತೆರೆಯದೆ ಬಾಟಲಿಯನ್ನು ಚೀಲಕ್ಕಿಟ್ಟು ತನ್ನ ಕ್ಯಾನಿನ ನೀರನ್ನೇ ಕುಡಿದಳು. ಎರಡು ವರ್ಷದ ನಂತರ ತೀರಿಕೊಂಡಳು. ಆ ಬಾಟಲಿ ಅವಳ ಟ್ರಂಕಿನಲ್ಲಿ ಹಾಗೇ ಸಿಕ್ಕಿತು.

ಕ್ಯಾನುಗಳಲ್ಲಿ ಒಂದು ಸೀಳಿಹೋಗಿತ್ತು, ಇನ್ನೊಂದನ್ನು ನಾನು ತಂದುಕೊಂಡೆ. ನನ್ನ ಮಗಳಿಗೆ ಐದು ವರ್ಷವಾದಾಗ ಅವಳನ್ನು ಕಳಲೆಗೆ ಕರೆದೊಯ್ಯಲು ಹೊರಟು, ಹಿಂದಿನ ದಿನವೇ ಆ ಗೋಣಿಯನ್ನು ತೊಯ್ಯಿಸಿಟ್ಟೆ. "ಏನೇ ಇದು, ಹೆಜ್ಜೆಗೊಂದ್ ಅಂಗಡಿ ಅದೆ, ಊರೆಲ್ಲ ನಗ್ತದೆ" ಎಂದ ನನ್ನ ಗಂಡ. ನಗಲಿ, ಹಲ್ಲುದುರುವ ತನಕ ನಗಲಿ ಎಂದೆ. ಬಸ್ಸು ಆ ಪಂಪಿನ ಮನೆಯ ಹತ್ತಿರ ಬಂದಾಗ ಮಗಳು ಬಾಯಾರಿಕೆ ಎಂದಳು. ಕ್ಯಾನು ಬಗ್ಗಿಸಿದೆ. ಬಸ್ಸು ಕುಲುಕಿ ಅರ್ಧ ನೀರು ಅವಳ ಮೊಣಕೈಗೆ ಹರಿಯಿತು. ನಾನು ಸೆರಗಿನಲ್ಲಿ ಒರೆಸತೊಡಗಿದೆ. "ಯಾಕಮ್ಮ ನಾವ್ ಮನೆಯಿಂದ್ಲೇ ನೀರು ತರೋದು? ಅಂಗಡೀಲಿ ಸಿಗುತ್ತಲ್ಲ?" ಎಂದು ಕೇಳಿದಳು. ಆ ಜಗಲಿಯ ದಿನದಿಂದಲೇ ನಾನು ಈ ಪ್ರಶ್ನೆಗೆ ಉತ್ತರ ಕೂಡಿಟ್ಟಿದ್ದೆ. ನನ್ನ ಮಗಳಿಗೆ ನಾನು ಸುಳ್ಳು ಹೇಳುವುದಿಲ್ಲ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಎಂದು ಅವ್ವನ ಮಣ್ಣಿನ ಮುಂದೆ ನಿಂತು ಸಿಟ್ಟಿನಲ್ಲಿ ಆಣೆ ಇಟ್ಟಿದ್ದೆ. ಬಾಯಿ ತೆರೆದೆ. ಕಿಟಕಿಯ ಬೆಳಕಿನಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು, ಮೀಸೆಯ ಹಾಗೆ ಮೇಲ್ದುಟಿಯ ಮೇಲೆ ನೀರು.

"ಹೊರಗಿನ ನೀರು ಕುಡಿದ್ರೆ ಹೊಟ್ಟೆ ಕೆಡುತ್ತೆ ಕಣೇ" ಎಂದೆ.

ಹೂಂ ಎಂದು ಅವಳು ನಂಬಿದಳು. ಒಂಬತ್ತು ತುಂಬುವ ತನಕ ನಾನೂ ಹಾಗೇ ನಂಬಿದ್ದೆ.